ಅರ್ಧ ದಿನದ ರಜೆ, ಸುಳ್ಳು ಜ್ವರ



ಮಗುವಿನ ಶಾಲೆಯಲ್ಲಿ ಪೋಷಕರ ಸಭೆಯಿದೆ ಎಂದು ದುಡಿಯುವ ತಾಯಿಯೋ ತಂದೆಯೋ ಮೇಲ್ವಿಚಾರಕರ ಮುಂದೆ ನಿಂತು ಅರ್ಧ ದಿನದ ಬಿಡುವು ಕೇಳಿದರೆ, ಅವರು ಕೇಳುತ್ತಿರುವುದು ಉಪಕಾರವನ್ನೋ, ತಮಗೆ ಸಲ್ಲತಕ್ಕದ್ದನ್ನೋ? ಮೇಲ್ನೋಟಕ್ಕೆ ಇದು ತೀರ ಸಣ್ಣ ಪ್ರಶ್ನೆ. ಲಂಚ, ಸುಲಿಗೆ, ಯುದ್ಧಗಳ ಸುದ್ದಿಯ ನಡುವೆ ಅರ್ಧ ದಿನದ ರಜೆಯ ನ್ಯಾಯಾನ್ಯಾಯವನ್ನು ಯಾರು ವಿಚಾರಿಸುತ್ತಾರೆ? ಆದರೆ ನಮ್ಮ ನಿಮ್ಮಂಥವರ ಬಾಳಿನಲ್ಲಿ ಎದುರಾಗುವ ನೈತಿಕ ಪ್ರಶ್ನೆಗಳು ಬಹುಮಟ್ಟಿಗೆ ಈ ಅಳತೆಯವೇ. ದೊಡ್ಡ ಪ್ರಶ್ನೆಗಳಿಗೆ ನಮ್ಮಲ್ಲಿ ಸಿದ್ಧ ಉತ್ತರಗಳುಂಟು; ಸಣ್ಣವು ಬಂದಾಗಲೇ ನಾವು ತಡವರಿಸುತ್ತೇವೆ.

ವೇಮಗಲ್ ಸುತ್ತಲಿನ ಹಳ್ಳಿಗಳನ್ನೇ ತೆಗೆದುಕೊಳ್ಳೋಣ. ಕೋಲಾರದಿಂದ ಚಿಕ್ಕಬಳ್ಳಾಪುರದ ಕಡೆಗೆ ಹೋಗುವ ದಾರಿಯಲ್ಲಿರುವ ಈ ಹೋಬಳಿ ಹಿಪ್ಪುನೇರಳೆ ತೋಟ, ರಾಗಿ ಹೊಲ, ಡೇರಿಯ ಹಾಲು ಇವುಗಳನ್ನು ನೆಚ್ಚಿ ಬಾಳಿದ ಸೀಮೆ. ಇಂದು ಅಲ್ಲಿ ಕೈಗಾರಿಕಾ ಪ್ರದೇಶ ಎದ್ದುನಿಂತಿದೆ. ಹೆದ್ದಾರಿಯ ಮೇಲಿನ ನರಸಾಪುರದಲ್ಲಿ 2013ರಲ್ಲಿ ಹೋಂಡಾ ದ್ವಿಚಕ್ರ ವಾಹನಗಳ ಕಾರ್ಖಾನೆ ಆರಂಭವಾಯಿತು. ಅನಂತರ ಐಫೋನ್ ಜೋಡಿಸುವ ವಿಸ್ಟ್ರಾನ್ ಘಟಕ ಬಂತು. 2023ರಲ್ಲಿ ಅದನ್ನು ಟಾಟಾ ಸಮೂಹ ಕೊಂಡುಕೊಂಡಿತು. ಏರ್‌ಬಸ್ ಮತ್ತು ಟಾಟಾ ಕೂಡಿ ಎಚ್125 ಹೆಲಿಕಾಪ್ಟರುಗಳನ್ನು ಜೋಡಿಸಲು ಆರಿಸಿಕೊಂಡ ಸ್ಥಳ ವೇಮಗಲ್ ಎಂಬುದು 2025ರಲ್ಲಿ ಪ್ರಕಟವಾಯಿತು. ಮಾಲೂರಿನ ಕೈಗಾರಿಕಾ ಪ್ರದೇಶವಂತೂ ಇವೆಲ್ಲಕ್ಕಿಂತ ಹಳೆಯದು. ನಸುಕಿನಲ್ಲಿ ಕಂಪನಿ ಬಸ್ಸುಗಳು ಅರಳಿಕಟ್ಟೆಗಳ ಮುಂದೆ ನಿಂತು ಗಂಡುಹೆಣ್ಣುಗಳನ್ನು ಹತ್ತಿಸಿಕೊಂಡು ಹೋಗುತ್ತವೆ. ಅದೇ ಕಟ್ಟೆಯ ಬಳಿಗೆ ಎರಡು ಗಂಟೆಗಳ ತರುವಾಯ ಶಾಲೆಯ ವಾಹನ ಬಂದು ಅವರ ಮಕ್ಕಳನ್ನು ಹತ್ತಿಸಿಕೊಳ್ಳುತ್ತದೆ.

ಈ ಕೆಲಸಗಳು ಬಂದದ್ದು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ತಿಂಗಳ ಮೊದಲ ವಾರದಲ್ಲಿ ಬ್ಯಾಂಕಿನ ಖಾತೆಗೆ ಬರುವ ಸಂಬಳ ಎಷ್ಟೋ ಮನೆಗಳ ಹೆಣ್ಣುಮಕ್ಕಳಿಗೆ ಮೊದಲ ಬಾರಿಗೆ ಮಾತನಾಡುವ ಧೈರ್ಯವನ್ನು ಕೊಟ್ಟಿದೆ. ಹಳ್ಳಿಯ ಹಳೆಯ ದಿನಗಳನ್ನು ನೆನೆದು ನಿಟ್ಟುಸಿರುಬಿಡುವವರು ಆ ದಿನಗಳಲ್ಲಿ ಪುರುಸೊತ್ತು ಇತ್ತೆಂದು ಭಾವಿಸಿರುವುದು ನನಗೆ ಸೋಜಿಗ. ರೇಷ್ಮೆ ಸಾಕಿದವರನ್ನು ಕೇಳಿ ನೋಡಿ. ನಾಲ್ಕನೆಯ ಜ್ವರದಿಂದ ಎದ್ದ ಹುಳು ತನ್ನ ಜೀವಮಾನದಲ್ಲಿ ತಿನ್ನುವ ಒಟ್ಟು ಸೊಪ್ಪಿನಲ್ಲಿ ಐದಕ್ಕೆ ನಾಲ್ಕು ಪಾಲಿಗೂ ಮೀರಿ ಆ ಒಂದೇ ವಾರದಲ್ಲಿ ತಿನ್ನುತ್ತದೆ. ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡುವ ದಿನ ಮನೆಯವರಿಗೆ ಅನ್ನವೂ ಇಲ್ಲ, ನಿದ್ದೆಯೂ ಇಲ್ಲ. ಆ ಹೊತ್ತಿನಲ್ಲಿ ಶಾಲೆಯ ವಾರ್ಷಿಕೋತ್ಸವ ಬಂತೆಂದು ಹುಳು ಕಾಯುವುದುಂಟೆ? ಹಸುವೂ ಕಾಯುವುದಿಲ್ಲ, ಡೇರಿಗೆ ಹಾಲು ಹಾಕುವ ಹೊತ್ತು ಬೆಳಗಿಗೊಮ್ಮೆ, ಸಂಜೆಗೊಮ್ಮೆ ಬಂದೇ ಬರುತ್ತದೆ. ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ ಸರಿಯಾಗಿ ಶಾಲೆಗಳು ಬಾಗಿಲು ತೆರೆಯುವ ಕಾಲಕ್ಕೇ ಬೀಳುತ್ತದೆ. ಕಾಯಿ ಕೀಳುವವರು, ಬುಟ್ಟಿ ತುಂಬುವವರು, ಮಂಡಿಯಲ್ಲಿ ಹಮಾಲಿ ಮಾಡುವವರು ಮಗುವನ್ನು ಒಂದನೆಯ ತರಗತಿಗೆ ಸೇರಿಸಲು ಹೋಗಬೇಕಾದ ದಿನಗಳೂ ಅವೇ.

ಹಾಗಾದರೆ ಹೊಲದ ದುಡಿಮೆಗೂ ಕಾರ್ಖಾನೆಯ ದುಡಿಮೆಗೂ ವ್ಯತ್ಯಾಸವೆಲ್ಲಿ? ಹೊಲದಲ್ಲಿ ಮುಯ್ಯಾಳು ಎಂಬುದೊಂದಿತ್ತು. ಇಂದು ನನ್ನ ಹೊಲದ ಕಳೆಗೆ ನೀವು ಬಂದರೆ ನಾಳೆ ನಿಮ್ಮ ಹೊಲದ ಕುಯಿಲಿಗೆ ನಾನು ಬರುತ್ತೇನೆ. ಹಣದ ಮಾತಿಲ್ಲ, ಬರಹದ ಲೆಕ್ಕವಿಲ್ಲ. ಆದರೆ ಲೆಕ್ಕ ಇಲ್ಲವೆಂದಲ್ಲ. ಮುಯ್ಯಿ ತೀರಿಸದವನನ್ನು ಊರು ಮರೆಯುತ್ತಿರಲಿಲ್ಲ. ತಾಯಿಯೊಬ್ಬಳು ಶಾಲೆಗೋ ಆಸ್ಪತ್ರೆಗೋ ಹೋಗಬೇಕಾದರೆ ನೆರೆಮನೆಯಾಕೆ ಹುಳುಮನೆಗೆ ಸೊಪ್ಪು ಹಾಕಿ ಬರುತ್ತಿದ್ದಳು. ಕೆಲಸ ಬಿಡುವು ಕೊಡುತ್ತಿರಲಿಲ್ಲ, ಮನುಷ್ಯರು ಕೊಡುತ್ತಿದ್ದರು. ಕಾರ್ಖಾನೆಯಲ್ಲಿ ಸಾಲಿನಲ್ಲಿ ನಿಂತ ಒಬ್ಬೊಬ್ಬರ ಜಾಗಕ್ಕೂ ಒಂದು ಸಂಖ್ಯೆ ಇದೆ; ಪಕ್ಕದವಳು ಎರಡು ಜಾಗದಲ್ಲಿ ನಿಲ್ಲಲಾರಳು, ನಿಲ್ಲಲು ಅನುಮತಿಯೂ ಇಲ್ಲ. ಬಿಡುವು ಕೊಡುವ ಅಧಿಕಾರ ನೆರೆಯವರಿಂದ ಮೇಲ್ವಿಚಾರಕರಿಗೆ, ಮೇಲ್ವಿಚಾರಕರಿಂದ ಕಾಗದಕ್ಕೆ ಹೋಗಿದೆ.

ಆ ಕಾಗದ ಏನನ್ನುತ್ತದೆ? 1948ರ ಕಾರ್ಖಾನೆಗಳ ಅಧಿನಿಯಮದಲ್ಲಿ, ವರ್ಷದಲ್ಲಿ 240 ದಿನ ದುಡಿದ ಕಾರ್ಮಿಕನಿಗೆ 20 ದಿನಕ್ಕೆ ಒಂದರಂತೆ ಸಂಬಳಸಹಿತ ರಜೆ ಇತ್ತು. ಅಂದರೆ 240 ದಿನ ದುಡಿದವನಿಗೆ 12 ದಿನ. 2025ರ ನವೆಂಬರ್ 21ರಿಂದ ಆ ಅಧಿನಿಯಮದ ಸ್ಥಾನಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. 240ರ ಬದಲು 180 ದಿನ ದುಡಿದರೆ ಸಾಕೆಂದು ಅದು ಬಾಗಿಲನ್ನು ತುಸು ಅಗಲಗೊಳಿಸಿದೆ. 20ಕ್ಕೆ ಒಂದು ಎಂಬ ಲೆಕ್ಕ ಹಾಗೆಯೇ ಉಳಿದಿದೆ. ನಾನು ನಿಮ್ಮ ಗಮನ ಸೆಳೆಯಬಯಸುವುದು ಹಳೆಯ ಅಧಿನಿಯಮದ ಬೇರೊಂದು ಅಂಶದತ್ತ. ರಜೆ ಬೇಕಾದವರು ಹದಿನೈದು ದಿನ ಮುಂಚೆ ಲಿಖಿತ ಅರ್ಜಿ ಕೊಡಬೇಕಿತ್ತು. ವರ್ಷದ ರಜೆಯನ್ನು ಮೂರಕ್ಕಿಂತ ಹೆಚ್ಚು ಸಲ ಬಿಡಿಬಿಡಿಯಾಗಿ ತೆಗೆದುಕೊಳ್ಳುವಂತಿರಲಿಲ್ಲ. ಹದಿನೈದು ದಿನದ ಈ ಕಟ್ಟಳೆಗೆ ಇದ್ದ ವಿನಾಯಿತಿ ಒಂದೇ: ಕಾಯಿಲೆ. ಎಪ್ಪತ್ತಕ್ಕೂ ಹೆಚ್ಚು ವರ್ಷ ನಮ್ಮ ಕಾರ್ಖಾನೆಗಳ ಪರಿಪಾಠ ರೂಪುಗೊಂಡದ್ದು ಈ ನಿಯಮದ ನೆರಳಿನಲ್ಲಿ. ಮಗುವಿನ ಶಾಲೆಯಿಂದ ಬುಧವಾರ ಚೀಟಿ ಬರುತ್ತದೆ, ಶುಕ್ರವಾರ ಸಭೆ. ಈ ಎರಡು ದಿನಗಳ ಅವಕಾಶದಲ್ಲಿ ತೆರೆದಿರುವ ಬಾಗಿಲು ಒಂದೇ, ಅದರ ಮೇಲೆ ಕಾಯಿಲೆ ಎಂದು ಬರೆದಿದೆ.

ಹಾಗೆಂದೇ ಒಬ್ಬ ತಾಯಿ, ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನಿಂತು, ನನ್ನನ್ನು ಕೇಳಿದ ಪ್ರಶ್ನೆ ಹೀಗಿತ್ತು: “ಫಾದರ್, ಮಗಳ ಶಾಲೇಲಿ ಮೀಟಿಂಗ್ ಐತೆ ಅಂದ್ರೆ ರಜ ಕೊಡಲ್ಲ. ಜ್ವರ ಅಂದ್ರೆ ಕೊಡ್ತಾರೆ. ಹಂಗೆ ಹೇಳೋದು ಪಾಪನಾ?” ಅವರ ಕೈ ಹಿಡಿದು ನಿಂತಿದ್ದ ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಗುರುಮಠದಲ್ಲಿ ಓದಿದವರಿಗೆ ಇದರ ಉತ್ತರ ಪುಸ್ತಕದಲ್ಲಿ ಸಿಗುತ್ತದೆ. ಸಂತ ಅಗಸ್ಟೀನರು ಸುಳ್ಳಿನ ಬಗೆಗೆ ಎರಡು ಗ್ರಂಥಗಳನ್ನೇ ಬರೆದು, ಯಾವ ಸದುದ್ದೇಶದಿಂದಲೂ ಸುಳ್ಳು ಸಲ್ಲದೆಂದು ವಾದಿಸಿದರು. ಸಂತ ತೋಮಸ್ ಅಕ್ವಿನಾಸರು ಸುಳ್ಳುಗಳನ್ನು ಮೂರಾಗಿ ವಿಂಗಡಿಸಿ, ಒಬ್ಬರಿಗೆ ಒಳಿತಾಗಲೆಂದು ಹೇಳುವ ಸುಳ್ಳಿನ ದೋಷ ಕೇಡಿಗಾಗಿ ಹೇಳುವ ಸುಳ್ಳಿನ ದೋಷಕ್ಕಿಂತ ಲಘುವೆಂದರು; ದೋಷವೇ ಅಲ್ಲವೆಂದು ಅವರೂ ಹೇಳಲಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡೆಂಬ ನಮ್ಮ ನಾಡಿನ ಗಾದೆ ಇವರಿಬ್ಬರಿಗಿಂತಲೂ ಉದಾರಿ. ಆ ತಾಯಿಗೆ ನಾನು ಅಗಸ್ಟೀನರ ಪಕ್ಷ ಹಿಡಿದು ಉತ್ತರಿಸಬಹುದಿತ್ತು. ಗಾದೆಯ ಪಕ್ಷ ಹಿಡಿದರೆ ಅವರಿಗೆ ಸಮಾಧಾನವೂ ಆಗುತ್ತಿತ್ತು. ಆದರೆ ಪ್ರಶ್ನೆ ಅವರೊಬ್ಬರದೇ ಅಲ್ಲ. ಸತ್ಯ ಹೇಳಿದವರಿಗೆ ಇಲ್ಲವೆಂದು, ಸುಳ್ಳು ಹೇಳಿದವರಿಗೆ ಹೂಂ ಎಂದು ನಡೆದುಕೊಳ್ಳುವ ವ್ಯವಸ್ಥೆಯಲ್ಲಿ ಆ ಸುಳ್ಳಿನ ಪಾಲುದಾರರು ಎಷ್ಟು ಮಂದಿ? ಜ್ವರವೆಂಬುದು ನಿಜವಲ್ಲವೆಂದು ಮೇಲ್ವಿಚಾರಕರಿಗೂ ಗೊತ್ತು. ಅವರಿಗೆ ಬೇಕಾಗಿರುವುದು ಸತ್ಯವಲ್ಲ, ವಹಿಯಲ್ಲಿ ಬರೆಯಬಹುದಾದ ಒಂದು ಕಾರಣ. ಸುಳ್ಳಿನ ಹೊರೆಯನ್ನು ಹೊರುವವರು ತಾಯಿ, ಅದರಿಂದ ವಹಿಯನ್ನು ಸರಿಯಾಗಿಟ್ಟುಕೊಳ್ಳುವವರು ಕಾರ್ಖಾನೆಯವರು. ನನಗೆ ಹೆಚ್ಚು ನೋವಾಗುವುದು ಮಾತ್ರ ಮಗುವಿನ ವಿಷಯದಲ್ಲಿ. ಅಮ್ಮ ಶಾಲೆಗೆ ಬಂದದ್ದು ಸುಳ್ಳು ಹೇಳಿ ಎಂಬುದು ಆ ಹುಡುಗಿಗೆ ಗೊತ್ತು. ಅವಳ ನೀತಿಪಾಠದ ಪುಸ್ತಕದಲ್ಲಿ ಏನಿದ್ದರೂ, ಅಮ್ಮನ ಪ್ರೀತಿ ತನ್ನನ್ನು ತಲುಪಬೇಕಾದರೆ ನಡುವೆ ಒಂದು ಸುಳ್ಳು ಬೇಕೆಂದು ಅವಳು ಕಲಿತಾಯಿತು.

ಈ ವಿಷಯದಲ್ಲಿ ಕನ್ನಡಿಗರಿಗೆ ದೂರದ ದಾರ್ಶನಿಕರು ಬೇಕಾಗಿಲ್ಲ. ಗೋವಿನ ಹಾಡನ್ನು ಬಲ್ಲದ ಕನ್ನಡ ಮಗುವುಂಟೆ? ಆ ಕಥೆಯ ತಿರುಳಾದರೂ ಏನು? ತಾಯೊಬ್ಬಳು ತನ್ನ ಮೇಲೆ ಅಧಿಕಾರವಿರುವವನ ಬಳಿ, ಮಗುವನ್ನು ಕಂಡು ಬರಲು ಸ್ವಲ್ಪ ಹೊತ್ತು ಬಿಡುವು ಕೇಳುವುದೇ ಅಲ್ಲವೇ! ಪುಣ್ಯಕೋಟಿ ಕಾರಣವನ್ನು ಮರೆಮಾಚಲಿಲ್ಲ. ಕರುವಿಗೆ ಹಾಲುಣಿಸಬೇಕು ಎಂದಳು, ಬರುತ್ತೇನೆ ಎಂದಳು, ಬಂದಳು. ನಾವೆಲ್ಲರೂ ಶಾಲೆಯಲ್ಲಿ ಆಕೆಯ ಸತ್ಯವನ್ನು ಹೊಗಳುವುದನ್ನು ಕಲಿತೆವು. ಹುಲಿಯ ವಿಷಯವನ್ನು ಯಾರೂ ಅಷ್ಟಾಗಿ ಹೇಳಿಕೊಡಲಿಲ್ಲ. ಹಸಿದಿದ್ದ ಹುಲಿ, ಹಿಂತಿರುಗುವಳೆಂಬ ಖಾತರಿಯಿಲ್ಲದೆ, ಬರಿಯ ಮಾತನ್ನು ನಂಬಿ ಹೋಗಗೊಟ್ಟಿತು. ಹುಲಿ ಒಪ್ಪದಿದ್ದರೆ ಪುಣ್ಯಕೋಟಿಯ ಸತ್ಯಕ್ಕೆ ನಿಲ್ಲಲು ನೆಲವೇ ಇರುತ್ತಿರಲಿಲ್ಲ. ಕೇಳುವವರ ಸತ್ಯಕ್ಕೆ ಕೊಡುವವರ ನಂಬಿಕೆ ಆಧಾರ. ಅದನ್ನು ಮೊದಲು ಇಡಬೇಕಾದವರು ಬಲವುಳ್ಳವರೇ ಹೊರತು ಬಲಹೀನರಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಮಾಲೀಕರನ್ನೆಲ್ಲ ಹುಲಿಗಳೆಂದು ಭಾವಿಸಬೇಡಿ. ದೊಡ್ಡ ಕಂಪನಿಗಳನ್ನು ಬಿಡಿ. ಅವುಗಳಿಗೆ ಬಿಡಿಭಾಗ ಒದಗಿಸುವ ಸಣ್ಣ ಘಟಕಗಳು ಎಷ್ಟೋ ಇವೆ. ಎಂಟು ಹತ್ತು ಜನ ದುಡಿಯುವ ಶೆಡ್ಡು, ಬ್ಯಾಂಕಿನ ಸಾಲದಲ್ಲಿ ಕೊಂಡ ಒಂದು ಯಂತ್ರ, ಅದನ್ನು ನಡೆಸಬಲ್ಲವನು ಒಬ್ಬನೇ. ಸಾಯಂಕಾಲ ಲಾರಿಗೆ ಮಾಲು ಹೋಗದಿದ್ದರೆ ಮುಂದಿನ ತಿಂಗಳ ಆರ್ಡರೇ ಹೋಗುತ್ತದೆ. ಆ ಮಾಲೀಕರ ಸಂಕಟವೂ ಸಂಕಟವೇ. ಅವರ ಮನೆಯಲ್ಲಿಯೂ ಮಕ್ಕಳಿದ್ದಾರೆ, ಆ ಮಕ್ಕಳ ವಾರ್ಷಿಕೋತ್ಸವಕ್ಕೆ ಅವರೂ ಹೋಗಿರಲಾರರು. ಇನ್ನು ಸಹೋದ್ಯೋಗಿಗಳು. ಮದುವೆಯಾಗದ ಹುಡುಗಿ, ಮಕ್ಕಳಿಲ್ಲದ ದಂಪತಿ, ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವ ಮಗ, ಇವರೆಲ್ಲ ಪ್ರತಿ ಸಲವೂ ಬೇರೆಯವರ ಮಕ್ಕಳ ಹೆಸರಿನಲ್ಲಿ ಹೆಚ್ಚುವರಿ ದುಡಿಯಬೇಕೆ? “ನಿಮಗೇನು, ಮಕ್ಕಳಿಲ್ಲವಲ್ಲ” ಎಂಬ ಮಾತು ನಮ್ಮಲ್ಲಿ ಎಷ್ಟು ಸಲೀಸಾಗಿ ಬರುತ್ತದೆ! ಅದು ಎಷ್ಟು ಕ್ರೂರವಾದ ಮಾತೆಂಬುದು ಕೇಳಿಸಿಕೊಂಡವರಿಗೇ ಗೊತ್ತು.

ಈ ತೊಡಕಿಗೆ ನನಗೆ ಕಾಣುವ ದಾರಿ ಹಳೆಯ ಮುಯ್ಯಾಳಿನದೇ. ರಜೆಯನ್ನು ಮಕ್ಕಳುಳ್ಳವರಿಗೆ ಕೊಡುವ ಬಹುಮಾನವೆಂದು ನೋಡಿದರೆ ಅಸೂಯೆ ಹುಟ್ಟುವುದು ಸಹಜ. ಅದನ್ನು ಮುಯ್ಯಿ ಎಂದು ನೋಡಿದರೆ ಲೆಕ್ಕ ಬೇರೆಯಾಗುತ್ತದೆ. ಇಂದು ಶಾಂತಮ್ಮನವರ ಬದಲು ನೀವು ನಿಂತಿರಿ. ನಿಮ್ಮ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ದಿನ ಶಾಂತಮ್ಮನವರು ನಿಮ್ಮ ಬದಲು ನಿಲ್ಲುತ್ತಾರೆ. (ಹೆಸರು ಕೇವಲ ಮಾತಿಗೆ.) ಪಾಳಿ ಅದಲುಬದಲು ಮಾಡಿಕೊಳ್ಳಲು ಮೇಲ್ವಿಚಾರಕರು ಅನುಮತಿಸಿ, ಅದನ್ನು ಪುಸ್ತಕದಲ್ಲಿ ಬರೆದಿಟ್ಟರೆ ಕಾರ್ಖಾನೆಗೆ ನಷ್ಟವಾಗುವುದು ಅಪರೂಪ. ಗಂಟೆಗಳ ಲೆಕ್ಕ ನೇರವಾಗಿರಬೇಕು ಎಂಬುದು ಮಾತ್ರ ಮುಖ್ಯ. 2020ರ ಡಿಸೆಂಬರ್ 12ರಂದು ನರಸಾಪುರದ ಫೋನ್ ಕಾರ್ಖಾನೆಯಲ್ಲಿ ನಡೆದ ದಾಂಧಲೆಯನ್ನು ನೀವು ಮರೆತಿರಲಾರಿರಿ. ಗಾಜು ಒಡೆದದ್ದನ್ನು ಯಾರೂ ಸಮರ್ಥಿಸಲಾರರು. ಆದರೆ ಅದರ ಹಿಂದೆ ಇದ್ದದ್ದು ಸಂಬಳದ ದೂರು, ಹೆಚ್ಚುವರಿ ದುಡಿಮೆಯ ದೂರು, ಗುತ್ತಿಗೆದಾರರ ಮೂಲಕ ಬಂದವರ ಲೆಕ್ಕ ಸರಿಯಿಲ್ಲವೆಂಬ ದೂರು. ಮನುಷ್ಯರ ಗಂಟೆಗಳನ್ನು ಉದಾಸೀನದಿಂದ ಎಣಿಸಿದರೆ ಏನಾಗುತ್ತದೆಂಬುದನ್ನು ಈ ಜಿಲ್ಲೆ ಕಣ್ಣಾರೆ ಕಂಡಿದೆ.

ಗುತ್ತಿಗೆಯವರ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ಹಲವು ಕಡೆ ಹಾಜರಾತಿ ಬೋನಸ್ಸೆಂಬುದುಂಟು. ತಿಂಗಳಿಡೀ ಒಂದು ದಿನವೂ ತಪ್ಪದೆ ಬಂದವರಿಗೆ ಇಷ್ಟು ಹಣ, ಒಂದು ದಿನ ತಪ್ಪಿದರೂ ಪೂರ್ತಿ ಹಣ ಹೋಯಿತು. ಹೀಗಾಗಿ ಮಗಳ ಓಟದ ಪಂದ್ಯ ನೋಡಲು ಹೋದ ತಂದೆ ಕಳೆದುಕೊಳ್ಳುವುದು ಒಂದು ದಿನದ ಕೂಲಿಯನ್ನಷ್ಟೇ ಅಲ್ಲ. ಉಳಿದ ಇಪ್ಪತ್ತೈದು ದಿನ ತಪ್ಪದೆ ಬಂದುದರ ಫಲವನ್ನೂ. ತಪ್ಪಿಗೆ ತಕ್ಕ ದಂಡ ಎಂಬುದು ನ್ಯಾಯದ ಮೊದಲ ಪಾಠ. ಇಲ್ಲಿ ತಪ್ಪೇ ಇಲ್ಲ, ದಂಡವಿದೆ.

ಸರ್ಕಾರಕ್ಕೆ ಈ ವಿಷಯ ತಿಳಿಯದೆಂದಲ್ಲ. ತನ್ನ ಮಹಿಳಾ ನೌಕರರಿಗೆ ಕೇಂದ್ರ ಸರ್ಕಾರ 2008ರಲ್ಲಿ ಶಿಶುಪಾಲನಾ ರಜೆಯನ್ನು ಕೊಟ್ಟಿತು. ಸೇವಾವಧಿಯಲ್ಲಿ ಒಟ್ಟು 730 ದಿನ, ಇಬ್ಬರು ಮಕ್ಕಳ ಪಾಲನೆಗೆ. ಮಕ್ಕಳ ಕಾಯಿಲೆಯ ಜೊತೆಗೆ ಅವರ ಪರೀಕ್ಷೆಯನ್ನೂ ಆ ನಿಯಮ ಹೆಸರಿಸಿ ಒಪ್ಪಿಕೊಂಡಿದೆ. ಕರ್ನಾಟಕ ಸರ್ಕಾರವೂ 2021ರಲ್ಲಿ ತನ್ನ ಮಹಿಳಾ ನೌಕರರಿಗೆ 180 ದಿನಗಳ ಇಂಥ ರಜೆ ನೀಡಿತು. ಸಂತೋಷದ ವಿಷಯವೇ. ಆದರೆ ಒಂದೇ ಬೀದಿಯ ಎರಡು ಮನೆಗಳನ್ನು ಊಹಿಸಿಕೊಳ್ಳಿ. ಒಂದು ಮನೆಯಾಕೆ ಸರ್ಕಾರಿ ಶಾಲೆಯ ಶಿಕ್ಷಕಿ, ಇನ್ನೊಂದು ಮನೆಯಾಕೆ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದವರು. ಇಬ್ಬರ ಮಕ್ಕಳೂ ಈ ವರ್ಷ ಹತ್ತನೆಯ ತರಗತಿ. ಪರೀಕ್ಷೆಯ ಭಯ ಎರಡು ಮನೆಗಳಲ್ಲೂ ಒಂದೇ, ತಾಯ್ತನವೂ ಒಂದೇ. ನೇಮಕಾತಿ ಪತ್ರ ಮಾತ್ರ ಬೇರೆ.

ಇದಕ್ಕಿಂತ ವಿಚಿತ್ರವಾದ ಸಂಗತಿಯೊಂದಿದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ ಶಾಲಾ ನಿರ್ವಹಣಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪೋಷಕರೇ ಆಗಿರಬೇಕೆಂದೂ ಅರ್ಧದಷ್ಟು ಸದಸ್ಯರು ಮಹಿಳೆಯರಾಗಿರಬೇಕೆಂದೂ ವಿಧಿಸಿದೆ. ಶಿಕ್ಷಕರು ನಿಯತವಾಗಿ ಪೋಷಕರ ಸಭೆ ಕರೆದು ಮಗುವಿನ ಹಾಜರಿ, ಕಲಿಕೆಯ ಶಕ್ತಿ, ಪ್ರಗತಿಗಳನ್ನು ತಿಳಿಸಬೇಕೆಂಬುದೂ ಅದೇ ಕಾಯಿದೆಯ ಆಜ್ಞೆ. ನಮ್ಮ ರಾಜ್ಯದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಇದಕ್ಕೂ ಮೊದಲೇ, 2001ರಲ್ಲೇ, ರಚನೆಗೊಂಡಿದ್ದವು. ಒಂದು ಕಾನೂನು ‘ಶಾಲೆಗೆ ಬಾ’ ಎಂದು ತಾಯಿಯನ್ನು ಕರೆಯುತ್ತದೆ. ಇನ್ನೊಂದು ಕಾನೂನು ಆಕೆಯ ದುಡಿಮೆಯ ಗಂಟೆಗಳನ್ನು ಕಟ್ಟುವಾಗ ಆ ಕರೆಯನ್ನು ಕೇಳಿಸಿಕೊಂಡೇ ಇಲ್ಲ. ಕಾರ್ಖಾನೆಯ ಕಾನೂನಿಗೆ ಮಗು ಗೊತ್ತಿಲ್ಲವೆಂದಲ್ಲ: ಶಿಶುವಿಹಾರದ ನಿಯಮವಿದೆ, ಆದರೆ ಅದು ಆರು ವರ್ಷದೊಳಗಿನ ಮಕ್ಕಳಿಗೆ. ಮಗು ಸರಿಯಾಗಿ ಶಾಲೆಯ ಮೆಟ್ಟಿಲು ಹತ್ತುವ ವಯಸ್ಸಿಗೆ ಕಾರ್ಖಾನೆಯ ಕಣ್ಣಿನಿಂದ ಮಾಯವಾಗುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, 25 ಅಥವಾ ಹೆಚ್ಚು ಜನ ದುಡಿಯುವ ಸ್ಥಳಗಳಲ್ಲಿ, ಮಗುವಿನ ಶಾಲಾ ಕಾರ್ಯಗಳಿಗೆಂದು ತಾಯ್ತಂದೆಯರು ವರ್ಷಕ್ಕೆ 40 ಗಂಟೆಗಳವರೆಗೆ ಬಿಡುವು ಪಡೆಯಬಹುದೆಂಬ ಕಾನೂನಿದೆ. ಸಂಬಳ ಕೊಡಲೇಬೇಕೆಂದಿಲ್ಲ, ಕೆಲಸದಿಂದ ತೆಗೆಯುವಂತಿಲ್ಲ, ಅಷ್ಟೇ. ಶಾಲೆಗೆ ಹೋದದ್ದು ನಿಜವೆಂಬುದಕ್ಕೆ ಶಾಲೆಯಿಂದ ಒಂದು ಚೀಟಿ ತರಬೇಕೆಂದು ಮಾಲೀಕರು ಕೇಳಬಹುದು. ಹೊರದೇಶದ ಕಾನೂನುಗಳನ್ನು ಕಂಡು ಬಾಯಿಬಿಡುವ ಅಭ್ಯಾಸ ನನಗಿಲ್ಲ. ಅಲ್ಲಿನ ಕುಟುಂಬಗಳ ಕಷ್ಟಗಳು ಅಲ್ಲಿನವರಿಗೆ. ಆದರೆ ಆ ಚೀಟಿಯ ವಿಚಾರ ನನಗೆ ಹಿಡಿಸಿತು. ಮುಖ್ಯೋಪಾಧ್ಯಾಯರ ಸಹಿಯಿರುವ ಒಂದು ತುಂಡು ಕಾಗದ, ಸುಳ್ಳು ಜ್ವರದ ಜಾಗದಲ್ಲಿ. ಇದಕ್ಕೆ ವಿಧಾನಸೌಧದ ಅಪ್ಪಣೆ ಬೇಕೆ? ವೇಮಗಲ್‌ನ ಒಂದು ಶಾಲೆ, ಅಲ್ಲಿನ ಒಂದು ಕಾರ್ಖಾನೆ ಮನಸ್ಸು ಮಾಡಿದರೆ ಸಾಕು. ಜೂನ್ ತಿಂಗಳಲ್ಲೇ ಶಾಲೆ ವರ್ಷದ ಸಭೆಗಳ ದಿನಾಂಕಗಳನ್ನು ಅಚ್ಚು ಮಾಡಿ ಕೊಟ್ಟರೆ ತಾಯಿ ಹದಿನೈದಲ್ಲ, ಐವತ್ತು ದಿನ ಮುಂಚೆ ಅರ್ಜಿ ಹಾಕಬಹುದು. ಸತ್ಯ ಹೇಳಲು ಮನುಷ್ಯರಿಗೆ ಸ್ವಲ್ಪ ಕಾಲಾವಕಾಶ ಬೇಕು. ನಮ್ಮ ಶಾಲೆಗಳು ಅದನ್ನು ಕೊಡುತ್ತಿಲ್ಲ.

ಶಾಲೆಗಳನ್ನು ಕುರಿತು ಇನ್ನೂ ಒಂದು ಮಾತು, ಕೆಲವರಿಗೆ ಕಹಿಯಾಗಬಹುದು. ಪೋಷಕರನ್ನು ಕರೆಯುವುದು ಅಂತಸ್ತಿನ ಗುರುತಾಗಿಬಿಟ್ಟಿದೆ. ವೇಷಭೂಷಣ ಸ್ಪರ್ಧೆ, ಹಣ್ಣುಗಳ ದಿನ, ಬಣ್ಣಗಳ ದಿನ, ಯುಕೆಜಿ ಮುಗಿಸಿದ ಐದು ವರ್ಷದ ಮಗುವಿಗೆ ಕರಿ ನಿಲುವಂಗಿ ತೊಡಿಸಿ ಪದವಿ ಪ್ರದಾನ! ಇವೆಲ್ಲಕ್ಕೂ ತಾಯ್ತಂದೆಯರು ಬೆಳಿಗ್ಗೆ ಹತ್ತು ಗಂಟೆಗೆ ಬಂದು ಕುರ್ಚಿಯ ಮೇಲೆ ಕೂರಬೇಕು, ಮುಖ್ಯ ಅತಿಥಿಗಳ ಭಾಷಣ ಕೇಳಬೇಕು. ಬಾರದವರ ಮಗು ಮೂಲೆಯಲ್ಲಿ ಮುಖ ಸಣ್ಣದು ಮಾಡಿಕೊಂಡು ನಿಲ್ಲುತ್ತದೆ. ದುಡಿಯುವವರ ಬಿಡುವು ಬಂಗಾರವೆಂದು ಅರಿತ ಶಾಲೆ ಅದನ್ನು ಹೀಗೆ ಚೆಲ್ಲಲಾರದು. ಓದು ಹಿಂದೆಬಿದ್ದ ಮಗುವಿನ ಬಗೆಗೆ ಹತ್ತು ನಿಮಿಷ ಮಾತಾಡಲು, ಹತ್ತನೆಯ ತರಗತಿಯ ನಂತರ ಐಟಿಐಯೋ ಪಿಯುಸಿಯೋ ಎಂದು ಯೋಚಿಸಲು, ಹುಡುಗ ಯಾಕೆ ನಾಲ್ಕು ದಿನಗಳಿಂದ ಮಂಕಾಗಿದ್ದಾನೆಂದು ವಿಚಾರಿಸಲು ತಾಯ್ತಂದೆಯರು ಬರಲೇಬೇಕು. ವರ್ಷಕ್ಕೊಮ್ಮೆ ಮಗಳು ಕೋಲಾಟ ಆಡುವುದನ್ನು ನೋಡಲೂ ಬರಬೇಕು; ಅದನ್ನು ನಾನು ಕಡಿಮೆಯೆಂದು ಎಣಿಸುವುದಿಲ್ಲ. ಜನಜಂಗುಳಿಯಲ್ಲಿ ಕಣ್ಣಾಡಿಸಿ ತನ್ನವರ ಮುಖ ಕಂಡ ಮಗುವಿನ ಹೆಜ್ಜೆಯೇ ಬೇರೆ. ಉಳಿದವನ್ನು ಶಾಲೆ ತನ್ನೊಳಗೇ ಮುಗಿಸಿಕೊಳ್ಳಲಿ.

ಭಾನುವಾರ ಸಭೆ ಇಟ್ಟರಾಯಿತಲ್ಲ ಎನ್ನುವವರಿದ್ದಾರೆ. ಕಾರ್ಖಾನೆಗಳಲ್ಲಿ ವಾರದ ರಜೆ ಎಲ್ಲರಿಗೂ ಭಾನುವಾರವೇ ಬರುವುದಿಲ್ಲ. ಅಲ್ಲದೆ ಶಿಕ್ಷಕಿಯೂ ದುಡಿಯುವ ತಾಯಿಯೇ. ಖಾಸಗಿ ಶಾಲೆಯ ಶಿಕ್ಷಕಿಗೆ ತನ್ನ ಮಗುವಿನ ಶಾಲೆಯ ಸಭೆಗೆ ರಜೆ ಸಿಗುವುದು ಕಾರ್ಖಾನೆಯವರಿಗೆ ಸಿಗುವುದಕ್ಕಿಂತ ಸುಲಭವೇನಲ್ಲ. ನೂರಾರು ಪೋಷಕರ ಎದುರು ಕುಳಿತು ಅವರ ಮಕ್ಕಳ ಬಗೆಗೆ ಮಾತಾಡುವ ಆಕೆಯ ಸ್ವಂತ ಮಗುವಿನ ಬಗೆಗೆ ಅದೇ ಹೊತ್ತಿನಲ್ಲಿ ಇನ್ನೊಂದು ಶಾಲೆಯ ಶಿಕ್ಷಕಿ ಖಾಲಿ ಕುರ್ಚಿಯನ್ನು ನೋಡುತ್ತಿರುತ್ತಾಳೆ. ಶಾಲೆ, ಆಸ್ಪತ್ರೆ, ವಿದ್ಯಾರ್ಥಿನಿಲಯಗಳನ್ನು ನಡೆಸುವ ನಮ್ಮ ಧರ್ಮಸಭೆಯ ಸಂಸ್ಥೆಗಳೂ ಇಲ್ಲಿ ಮಾಲೀಕರ ಸ್ಥಾನದಲ್ಲೇ ಇವೆ. ದುಡಿಮೆಯ ವ್ಯವಸ್ಥೆ ದುಡಿಯುವವರ ಮನೆಬಾಳಿಗೆ ಹೊಂದಿಕೊಳ್ಳಬೇಕೆಂದು 1981ರಲ್ಲೇ ಎರಡನೆಯ ಜಾನ್ ಪಾಲ್ ಜಗದ್ಗುರುಗಳು ತಮ್ಮ ವಿಶ್ವಪತ್ರದಲ್ಲಿ ಬರೆದರು. ಆ ಪತ್ರವನ್ನು ಕಾರ್ಖಾನೆಗಳ ಯಜಮಾನರಿಗೆ ಓದಿ ಹೇಳುವ ಮುನ್ನ ನಮ್ಮ ಸಂಸ್ಥೆಗಳ ಹಾಜರಿ ಪುಸ್ತಕವನ್ನೊಮ್ಮೆ ತೆರೆದು ನೋಡುವುದು ಒಳ್ಳೆಯದು.

ಇಲ್ಲಿಯವರೆಗೆ ನಾನು ತಾಯಿ ತಾಯಿ ಎಂದೇ ಹೆಚ್ಚಾಗಿ ಬರೆದೆ. ಏಕೆಂದರೆ ರಜೆ ಕೇಳುವವರು ಅವರೇ. ಗಂಡಸರು ಕೇಳುವುದಿಲ್ಲವೆಂದಲ್ಲ, ಊರ ಜಾತ್ರೆಗೆ, ನೆಂಟರ ಗೃಹಪ್ರವೇಶಕ್ಕೆ, ಚುನಾವಣೆಯ ಓಡಾಟಕ್ಕೆ ಕೇಳುತ್ತಾರೆ. ಮಗುವಿನ ಶಾಲೆಗೆಂದು ಕೇಳಲು ನಾಚಿಕೆ. “ಹೆಂಡತಿ ಇಲ್ಲವೇನಯ್ಯಾ ನಿನಗೆ?” ಎಂದಾರೆಂಬ ಅಂಜಿಕೆ. ಸರ್ಕಾರ ಶಿಶುಪಾಲನಾ ರಜೆಯನ್ನು ಮೊದಲು ಹೆಂಗಸರಿಗಷ್ಟೇ ಕೊಟ್ಟದ್ದೂ ಇದೇ ನಂಬಿಕೆಯಿಂದ. ಕೆಜಿಎಫ್‌ನ ಮನೆಗಳನ್ನು ನೆನೆಯಿರಿ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಅಲ್ಲಿನ ಸಾವಿರಾರು ಮಂದಿ ಬೆಳಕು ಹರಿಯುವ ಮೊದಲೇ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಹಿಂತಿರುಗುವವರಾದರು. ಅಪ್ಪ ಹೊರಡುವಾಗ ಮಕ್ಕಳು ನಿದ್ದೆಯಲ್ಲಿ, ಬರುವಾಗಲೂ ನಿದ್ದೆಯಲ್ಲಿ. ಅಂಥ ಮನೆಯ ಅಪ್ಪ ವರ್ಷಕ್ಕೊಂದು ದಿನ ಶಾಲೆಯ ಬಾಗಿಲಲ್ಲಿ ಕಾಣಿಸಿಕೊಂಡರೆ ಮಗುವಿಗೆ ಅದು ಹಬ್ಬ. ಓದುಗರಲ್ಲಿ ತಂದೆಯರಾದವರು, ನಿಮ್ಮ ಮಗು ಈಗ ಯಾವ ವಿಭಾಗದಲ್ಲಿದೆ, ತರಗತಿಯ ಶಿಕ್ಷಕರ ಹೆಸರೇನು ಎಂಬುದನ್ನು ಹೆಂಡತಿಯನ್ನು ಕೇಳದೆ ಹೇಳಬಲ್ಲಿರಾ ನೋಡಿಕೊಳ್ಳಿ.

ಕೊನೆಯದಾಗಿ, ಕಾರ್ಖಾನೆಯ ಗೇಟಿನಿಂದ ನಿಮ್ಮ ಮನೆಯ ಹಿತ್ತಿಲ ಬಾಗಿಲಿಗೆ ಬರೋಣ. ನಮ್ಮಲ್ಲಿ ಅನೇಕರು ನೌಕರರಷ್ಟೇ ಅಲ್ಲ, ಮಾಲೀಕರೂ ಹೌದು. ಪಾತ್ರೆ ತೊಳೆದು ಕಸ ಗುಡಿಸಲು ನಿಮ್ಮ ಮನೆಗೆ ಒಬ್ಬ ಹೆಂಗಸು ಬರುತ್ತಾಳೆ. ಆಕೆಗೆ ಹಾಜರಿ ಪುಸ್ತಕವಿಲ್ಲ, ಇಪ್ಪತ್ತು ದಿನಕ್ಕೊಂದು ರಜೆಯ ಲೆಕ್ಕವಿಲ್ಲ. ಹೇಳದೆ ಕೇಳದೆ ಒಂದು ದಿನ ಆಕೆ ಬಾರದಿದ್ದರೆ ಮನೆಯಲ್ಲಿ ಏಳುವ ಗುಲ್ಲನ್ನು ನಾನು ಬಲ್ಲೆ. ಮರುದಿನ ಬಂದು, “ಮೈ ಬಿಸಿಯಾಗಿತ್ತಕ್ಕಾ” ಎನ್ನುತ್ತಾಳೆ. ನೀವು ನಂಬುವುದಿಲ್ಲ, ನಂಬಿದಂತೆ ಇರುತ್ತೀರಿ. ಆಕೆಯ ಮಗ ಯಾವ ಶಾಲೆಯಲ್ಲಿ ಓದುತ್ತಿದ್ದಾನೆ, ಎಷ್ಟನೆಯ ತರಗತಿ, ನಿನ್ನೆ ಅಲ್ಲಿ ಏನಿತ್ತು ಎಂದು ಕೇಳಿದ್ದುಂಟೆ?

ಬರುವ ಜೂನ್‌ನಲ್ಲಿ ನಿಮ್ಮ ಮಕ್ಕಳ ಶಾಲೆಯ ದಿನಾಂಕಗಳನ್ನು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವಾಗ ಆಕೆಯನ್ನೂ ಕರೆದು ಆಕೆಯ ಮಗನ ಶಾಲೆಯ ದಿನಾಂಕಗಳನ್ನು ಕೇಳಿ, ಅದೇ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಿ. ಆ ದಿನ ಪಾತ್ರೆಗಳು ಸಂಜೆಯವರೆಗೆ ಹಾಗೆಯೇ ಬಿದ್ದಿದ್ದಾವು.